ಏಳು ಮನೆಯ ಆಣೆ

ಕೊಲ್ಲಿ ನಾಡಿನ ಅಲ್ ಖೌದ್‌ನಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ಆರು ವರ್ಷ, ಪ್ರತಿ ಶುಕ್ರವಾರ, ಕನ್ನಡ ಕ್ಲಾಸ್ ನಡೆಸಿದವಳು ನಾನು, ಶೈಲಶ್ರೀ. ಮದುವೆಗೆ ಮುಂಚೆ ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಅಕ್ಷರ ತಿದ್ದಿ ತಿದ್ದಿ ಮಕ್ಕಳಿಗೆ ಬೇಸರ ಬಂದಾಗ ಹಂಗೇರಿಯವರ ಕಥೆ ತೆಗೆಯುತ್ತಿದ್ದೆ. ಉರಲ್ ಬೆಟ್ಟಗಳ ಕಡೆಯಿಂದ ಕುದುರೆ ಏರಿ ಹೊಸ ನಾಡು ಹುಡುಕುತ್ತ ಹೊರಟ ಏಳು ಕುಲಗಳು. ದಾರಿಯಲ್ಲಿ ಏಳೂ ನಾಯಕರು ಒಂದೇ ಬಟ್ಟಲಿಗೆ ತಮ್ಮ ರಕ್ತ ಹನಿಸಿ, ಆಲ್ಮೋಶನೇ ನಮ್ಮ ಮುಂದಾಳು ಎಂದು ಆಣೆ ಮಾಡಿದರಂತೆ.

ಕ್ಲಾಸಿನ ನಮ್ಮದೂ ಏಳೇ ಮನೆ. ಕ್ಲಾಸಿಗೆ ಸ್ವಂತ ಜಾಗ ಹುಡುಕೋಣ ಎಂದು ತೀರ್ಮಾನವಾದ ದಿನ ನನ್ನ ಗೆಳತಿ, ಮೈಸೂರಿನ ಪ್ರೇರಣಾ, ಚೊಂಬಿನ ತುಂಬ ದಾಳಿಂಬೆ ಶರಬತ್ತು ಮಾಡಿ ತಂದಳು. "ಎಲ್ಲಿಗೆ ಹೋದ್ರೂ ನೀವೇ ನಮ್ಮ ಟೀಚರ್" ಎಂದು ಮೊದಲು ಎತ್ತಿ ಕುಡಿದವಳು ಅವಳೇ. ಉಳಿದವರೂ ನಗುತ್ತ ಕುಡಿದರು. ಪೆದ್ದಿ ನಾನು, ನಂಬಿಬಿಟ್ಟೆ.

ಜಾಗಕ್ಕಾಗಿ ಎರಡು ವರ್ಷ ಅಲೆದವಳೂ ನಾನೇ. ಕೊನೆಗೆ ಖುರುಮ್ ಬಡಾವಣೆಯಲ್ಲಿ ಒಳ್ಳೆಯ ಕೋಣೆ ಸಿಕ್ಕಿತು. ಮೊನ್ನೆ ವಾಟ್ಸಾಪ್‌ನಲ್ಲಿ ಉದ್ಘಾಟನೆಯ ಆಮಂತ್ರಣ ಬಂತು. ಶಿಕ್ಷಕಿ, ಪ್ರೇರಣಾ. ನನ್ನ ಹೆಸರು ಎಲ್ಲೂ ಇರಲಿಲ್ಲ.

ಇವತ್ತು ನಮ್ಮ ಮನೆಯಲ್ಲಿ ಕೊನೆಯ ಕ್ಲಾಸ್. ಮಗಳನ್ನು ಕರೆದೊಯ್ಯಲು ಬಂದ ಪ್ರೇರಣಾಳನ್ನು ಬಾಗಿಲಲ್ಲೇ ನಿಲ್ಲಿಸಿ, ಯಾಕೆ ಹೀಗೆ ಎಂದು ಕೇಳಿದೆ.

"ಬೇಜಾರ್ ಮಾಡ್ಕೋಬೇಡಿ ಶೈಲಾ. ಪೇರೆಂಟ್ಸ್ ಎಲ್ಲಾ ಮೀಟಿಂಗ್‌ನಲ್ಲಿ ಡಿಸೈಡ್ ಮಾಡಿದ್ದು. ನಿಮ್ಮ ಕಡೆ ಭಾಷೆ ಮಕ್ಕಳ ಬಾಯಿಗೆ ಬಂದ್ಬಿಟ್ರೆ ಅಂತ..."

"ಆ ಮೀಟಿಂಗಿಗೆ ನನ್ನ ಯಾಕ ಕರೀಲಿಲ್ಲ?"

ಅವಳು ಕಾರಿನ ಕೀ ತೆಗೆದು ಮಗಳನ್ನು ಕೂಗಿದಳು. ಆರು ವರ್ಷ ನನ್ನ ಕೈಯ ರೊಟ್ಟಿ ತಿಂದು, ನಿಮ್ಮ ಮಾತು ಕೇಳೋಕೇ ಚೆಂದ ಅಂದವಳು ಇವಳು.

ಅಷ್ಟರಲ್ಲಿ ಅವಳ ಮಗಳು ಆಶಿತಾ ಬ್ಯಾಗ್ ಹೆಗಲಿಗೇರಿಸಿ ಬಂದಳು. ಕನ್ನಡ ಓದಲು ಬರೆಯಲು ಕಲಿತರೂ ಮಾತೆಲ್ಲ ಇಂಗ್ಲಿಷಿನಲ್ಲೇ ಆಡುವ ಹುಡುಗಿ. ಆಲ್ಮೋಶ್ ಹೊಸ ನಾಡು ತಲುಪಿದನಾ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಆ ಕೊನೆಯನ್ನು ನಾನು ಮಕ್ಕಳಿಗೆ ಎಂದೂ ಹೇಳಿರಲಿಲ್ಲ. ಇವತ್ತು ಹೇಳಿದೆ.

"ಇಲ್ಲವಾ. ಹೊಸ ನಾಡಿನ ಬಾಗಿಲಿಗೆ ಬಂದಾಗ ಅವನ ಮಂದೀನ ಅವನ್ನ ಕೊಂದ್ರು ಅಂತ ಹಳೇ ಪುಸ್ತಕದಾಗ ಅದ."

ಪ್ರೇರಣಾ ಮಗಳ ಕೈ ಹಿಡಿದು ಎಳೆದಳು. ಆಶಿತಾ ಅಲುಗಲಿಲ್ಲ. ನನ್ನ ಮುಖ ನೋಡುತ್ತ, ಮೊದಲ ಸಲ ಕನ್ನಡದಲ್ಲಿ, ಅದೂ ನನ್ನ ಕನ್ನಡದಲ್ಲಿ ಕೇಳಿದಳು.

"ಆಣಿ ಮಾಡಿದ್ರಲ್ಲಾ ಆಂಟಿ? ಮತ್ತ ಹಂಗ್ಯಾಕ ಮಾಡಿದ್ರು?"

"ನಿಮ್ಮವ್ವನ್ನ ಕೇಳು" ಎಂದೆ.