ಚಿಕ್ಕಗಂಗಮ್ಮನವರ ‘ಯಾಕೆ’

ಚಿಕ್ಕಗಂಗಮ್ಮನವರ ಮುಖ ನೋಡಿ ತನ್ನ ಉತ್ತರ ಸರಿಯೋ ತಪ್ಪೋ ಎಂದು ಊಹಿಸಬಲ್ಲ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇನ್ನೂ ಹುಟ್ಟಿಲ್ಲ. ಪ್ರಶ್ನೆ ಕೇಳುತ್ತಾರೆ, ಕೇಳಿದ ಮೇಲೆ ಸುಮ್ಮನಾಗುತ್ತಾರೆ. ಮಗು ಎದ್ದು ನಿಂತು ಏನೋ ಒಂದು ಹೇಳಿದರೆ ಅವರ ಹುಬ್ಬು ಏರುವುದಿಲ್ಲ, ತುಟಿ ಅರಳುವುದಿಲ್ಲ, ತಲೆ ಅತ್ತಲೂ ಇತ್ತಲೂ ಅಲ್ಲಾಡುವುದಿಲ್ಲ, ಆ ನಿರ್ವಿಕಾರ ಮುಖದಿಂದ ಹೊರಬೀಳುವುದು ಒಂದೇ ಮಾತು: “ಯಾಕೆ?” ತಪ್ಪು ಉತ್ತರಕ್ಕೂ ಅದೇ, ಸರಿ ಉತ್ತರಕ್ಕೂ ಅದೇ. ಬೇರೆ ತರಗತಿಗಳಲ್ಲಿ ಸರಿ ಉತ್ತರಕ್ಕೆ ಚಪ್ಪಾಳೆಯುಂಟು, ‘ವೆರಿ ಗುಡ್’ ಉಂಟು, ಕೈಯ ಮೇಲೆ ನಕ್ಷತ್ರದ ಸ್ಟಿಕ್ಕರ್ ಉಂಟು. ಇಲ್ಲಿ ಸರಿಯುತ್ತರ ಹೇಳಿಯೂ ಅದಕ್ಕೆ ಕಾರಣ ಕೊಡಲಾರದೆ ಬೆವತು ನಿಂತ ಮೊದಲ ರ‍್ಯಾಂಕಿನ ಮಕ್ಕಳನ್ನು ನಾನು ಕಂಡಿದ್ದೇನೆ.

“ಒಂದ್ಸಲ ನಕ್ಕು ಭೇಷ್ ಅಂದ್ರೆ ಏನ್ ಹೋಗತ್ತೆ ಮೇಡಮ್?” ಎಂದು ನಾನೇ ಒಮ್ಮೆ ಕೇಳಿದ್ದೆ.

“ನನ್ನ ಮುಖ ನೋಡ್ಕೊಂಡು ಉತ್ತರ ಬದಲಾಯಿಸ್ತಾರೆ ಮೇಷ್ಟ್ರೇ,” ಎಂದರು. “ದೊಡ್ಡವರ ಮುಖ ಓದೋದನ್ನ ಮನೇಲೇ ಕಲ್ತಿರ್ತಾರೆ. ಅದಕ್ಕೆ ಸ್ಕೂಲ್ ಯಾಕೆ ಬೇಕು?”

ಗೋವಿಂದರಾಜನಗರದ ಒಂದು ಇಕ್ಕಟ್ಟಿನ ಬೀದಿಯಲ್ಲಿ, ಕೆಳಗೆ ಆಟದಂಗಳವೆಂಬ ಹೆಸರಿನ ಸಿಮೆಂಟು ನೆಲವೂ ಮೇಲೆ ಮೂರು ಅಂತಸ್ತುಗಳೂ ಇರುವ ಖಾಸಗಿ ಶಾಲೆ ನಮ್ಮದು. ನಾನು ಕನ್ನಡ ಪಾಠ ಮಾಡುತ್ತೇನೆ, ಅವರು ಗಣಿತ. ಏಳನೇ ತರಗತಿಯ ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಇದ್ದದ್ದು ಒಂದು ತೆಳುವಾದ ಗೋಡೆ. ಆ ಗೋಡೆಯಾಚೆಯ ಮೌನ ನನಗೆ ಎಷ್ಟು ಪರಿಚಿತವೆಂದರೆ, ಅದರಲ್ಲಿ ಮಕ್ಕಳು ಯೋಚಿಸುತ್ತಿರುವ ಮೌನ ಯಾವುದು, ಬೇಸರದ ಮೌನ ಯಾವುದು ಎಂಬುದನ್ನು ಕೂಡ ಬೇರ್ಪಡಿಸಬಲ್ಲವನಾಗಿದ್ದೆ. ಕಾರಿಡಾರಿನಲ್ಲಿ ಹೋಗುವವರು ಮಾತ್ರ ಟೀಚರ್ ಬಂದಿಲ್ಲವೇನೋ ಎಂದು ಇಣುಕಿ ನೋಡುತ್ತಿದ್ದರು. ಇಣುಕಿದರೆ ಕಪ್ಪುಹಲಗೆಯ ಬಳಿ ಯಾರೂ ಇಲ್ಲ. ಮಿಸ್ಸು ಕೊನೆಯ ಬೆಂಚಿನ ಪಕ್ಕ, ಸೆರಗನ್ನು ಸೊಂಟಕ್ಕೆ ಬಿಗಿದು, ಸೀಮೆಸುಣ್ಣದ ಕೈಯನ್ನು ಅದಕ್ಕೇ ಒರೆಸಿಕೊಳ್ಳುತ್ತ ನಿಂತಿದ್ದಾರೆ.

ಅವರ ನಡಿಗೆಯೇ ಬೇರೆ. ಹಟಮಾರಿ ಹೋರಿಯನ್ನು ಹಗ್ಗ ಹಿಡಿದು ಎಳೆದೊಯ್ಯುವವರ ಹಾಗೆ ದೇಹವನ್ನು ಮುಂದಕ್ಕೆ ಬಾಗಿಸಿ, ಅಗಲ ಪಟ್ಟಿಯ ಗಂಡಸರ ಚಪ್ಪಲಿಯನ್ನು ಸಪ್ಪಳವಾಗುವಂತೆ ಊರುತ್ತ, ಅತ್ತಿಗುಪ್ಪೆಯಿಂದ ವಿಜಯನಗರದ ಮಾರುಕಟ್ಟೆ ಬೀದಿಯ ಹೂವು ತರಕಾರಿಗಳ ನಡುವೆ ಹಾದು ದಿನವೂ ನಡೆದೇ ಬರುತ್ತಾರೆ. ಅವರ ತಂದೆ ಮುನಿರಾಮಯ್ಯನವರು ಅತ್ತಿಗುಪ್ಪೆ ಊರಾಗಿದ್ದಾಗಿನ ಒಕ್ಕಲು. ಈಗ ಆ ಹೊಲದ ಮೇಲೆ ಬಡಾವಣೆ ಎದ್ದಿದೆ, ಮನೆಯ ಮೇಲೆ ಬಾಡಿಗೆಯ ಮನೆಗಳು ಎದ್ದಿವೆ. ‘ಅದಕ್ಕೇ ಆಯಮ್ಮನಿಗೆ ಅಷ್ಟು ಧೈರ್ಯ’ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಪಿಸುಗುಟ್ಟಿದ್ದು ಅವರ ಕಿವಿಗೂ ಬಿತ್ತು. “ಬಾಡಿಗೆ ಮನೆಯಿಂದ ಧೈರ್ಯ ಬರೋ ಹಾಗಿದ್ರೆ ಅತ್ತಿಗುಪ್ಪೆ ತುಂಬ ಶೂರರೇ ಇರ್ಬೇಕಿತ್ತು,” ಎಂದು ಅವರು ಊಟದ ಡಬ್ಬಿ ತೆರೆದರು.

ಪ್ರಶ್ನಿಸುವ ಚಾಳಿ ತರಗತಿಗೆ ಮಾತ್ರ ಮೀಸಲಾಗಿರಲಿಲ್ಲ. ಕಾಲಿನ ನರ ಉಬ್ಬಿದೆ, ಹೆಚ್ಚು ಹೊತ್ತು ನಿಲ್ಲಬೇಡಿ ಎಂದ ವೈದ್ಯರನ್ನು ‘ಯಾಕೆ’ ಎಂದು ಕೇಳಿ, ಅವರಿಂದ ಔಷಧಚೀಟಿಯ ಹಿಂಭಾಗದಲ್ಲಿ ಕಾಲಿನ ರಕ್ತನಾಳಗಳ ಚಿತ್ರ ಬರೆಸಿಕೊಂಡು, ರಕ್ತ ಮೇಲೇರುವ ಬಗೆಯನ್ನು ಸಂಪೂರ್ಣ ತಿಳಿದುಕೊಂಡು, ಮರುದಿನ ಎಂದಿನಂತೆ ದಿನವಿಡೀ ನಿಂತೇ ಪಾಠ ಮಾಡಿದರು. ಶಾಲೆಯ ವೆಬ್‌ಸೈಟಿನಲ್ಲಿ ಅವರ ಹೆಸರನ್ನು ‘ಗಂಗಾ ಎಂ.’ ಎಂದು ಚಂದಗಾಣಿಸಿ ಹಾಕಿದಾಗ ಆಫೀಸಿಗೆ ಹೋಗಿ ತೆಗೆಸಿದರು. “ನಮ್ಮಕ್ಕ ದೊಡ್ಡಗಂಗಮ್ಮ. ನಾನು ಬರೀ ಗಂಗಾ ಆಗ್ಬಿಟ್ರೆ ಅವಳಿಗೆ ತಂಗಿ ಯಾರು?”

ಈ ಸಂಗತಿಗಳೆಲ್ಲ ನಮಗೆ ನಗುವಿನ ವಸ್ತುವಾಗಿದ್ದವು, ಮುರಳೀಕೃಷ್ಣ ಅವರು ಬರುವವರೆಗೆ. ಆಡಳಿತ ಮಂಡಳಿಯವರು ಹೊಸದಾಗಿ ಕರೆತಂದ ಅಕಾಡೆಮಿಕ್ ಡೈರೆಕ್ಟರ್ ಇವರು. ಕೆಟ್ಟವರೇನಲ್ಲ. ಮೃದುಭಾಷಿ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಪ್ರತಿವರ್ಷ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಶಾಲೆಯನ್ನು ಹೇಗಾದರೂ ಉಳಿಸಬೇಕೆಂಬ ಚಿಂತೆ ಅವರಿಗೆ ನಿಜವಾಗಿಯೂ ಇತ್ತು. ಅವರು ಪ್ರತಿ ತರಗತಿಗೂ ಒಂದು ದೊಡ್ಡ ಪರದೆ ತರಿಸಿದರು. ಪಾಠಗಳು ಅದರೊಳಗೇ ಸಿದ್ಧವಾಗಿ ಬಂದವು. ಬಣ್ಣದ ಚಿತ್ರಗಳು, ಹಾಡು, ಕೊನೆಗೆ ಉತ್ತರ. ಟೀಚರು ಗುಂಡಿ ಒತ್ತಿದರೆ ಸಾಕು. ಚಿಕ್ಕಗಂಗಮ್ಮನವರು ಒತ್ತಲಿಲ್ಲ. “ಉತ್ತರ ಅದೇ ಹೇಳ್ಬಿಡತ್ತಲ್ಲ ಸಾರ್, ಮಕ್ಕಳಿಗೆ ಇನ್ನೇನ್ ಕೆಲಸ ಉಳೀತು?” ಎಂದರು. ಮುರಳೀಕೃಷ್ಣ ನಕ್ಕು ಸುಮ್ಮನಾದರು. ಆಗಿನ್ನೂ ಸುಮ್ಮನಾಗುವ ಹಂತದಲ್ಲಿದ್ದರು.

ಕಳೆದ ಬೇಸಿಗೆಗೆ ಮುನ್ನ, ಅಡ್ಮಿಷನ್ ಶುರುವಾಗುವ ಹೊತ್ತಿಗೆ, ಪೋಷಕರಿಗಾಗಿ ಡೆಮೊ ಕ್ಲಾಸ್ ಇಡಬೇಕೆಂದು ನಿಶ್ಚಯವಾಯಿತು. ಹಳೆಯ ಮಕ್ಕಳ ತಂದೆತಾಯಿಗಳೂ ಹೊಸದಾಗಿ ಸೇರಿಸಬಯಸುವವರೂ ಹಿಂದಿನ ಸಾಲುಗಳಲ್ಲಿ ಕುಳಿತು ಪಾಠವನ್ನು ಕಣ್ಣಾರೆ ನೋಡಬೇಕು. ಏಳನೇ ತರಗತಿಯ ಗಣಿತ ಆಯ್ಕೆಯಾಯಿತು. ಮುರಳೀಕೃಷ್ಣ ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ನಾನು ಕಾರ್ಯಕ್ರಮ ನಿರೂಪಿಸಬೇಕಿತ್ತು.

“ಮೇಡಮ್, ಗೊತ್ತಿರೋ ಟಾಪಿಕ್ಕೇ ಮಾಡಿ. ಪ್ರಶ್ನೆ ಯಾರಿಗೆ ಕೇಳ್ಬೇಕು ಅಂತ ಮುಂಚೇನೇ ಹೇಳಿಟ್ಬಿಡಿ, ಎರಡು ಮೂರು ಸಲ ಪ್ರಾಕ್ಟೀಸ್ ಮಾಡ್ಸಿ,” ಎಂದ ಅವರು, ಸ್ವಲ್ಪ ದನಿ ತಗ್ಗಿಸಿ ಸೇರಿಸಿದರು: “ವೀಕ್ ಇರೋ ಒಂದೈದಾರು ಜನ ಇದಾರಲ್ಲ, ಅವರು ಆ ಪೀರಿಯಡ್ ಲೈಬ್ರರೀಲಿ ಕೂತಿರ್ಲಿ.”

“ಯಾಕೆ ಸಾರ್?”

“ಪೇರೆಂಟ್ಸ್ ಬಂದಿರ್ತಾರೆ ಮೇಡಮ್. ಇಂಪ್ರೆಷನ್ ಮುಖ್ಯ.”

“ಅವರು ನೋಡೋಕ್ಕೆ ಬರೋದು ಕ್ಲಾಸನ್ನ ತಾನೆ? ಕ್ಲಾಸ್ ಅಂದ್ರೆ ಅಷ್ಟೂ ಜನ. ಮುಂಚೇನೇ ಗೊತ್ತಿರೋ ಉತ್ತರ ಹೇಳ್ಸೋಕ್ಕೆ ನಾನ್ಯಾಕೆ ಬೇಕು, ಆ ಪರದೆ ಇದೆಯಲ್ಲ.”

“ಇದು ರಿಕ್ವೆಸ್ಟ್ ಅಲ್ಲ ಮೇಡಮ್.”

“ನಂದೂ ಅಲ್ಲ ಸಾರ್,” ಎಂದು ಚಿಕ್ಕಗಂಗಮ್ಮನವರು ಎದ್ದರು.

ಆ ದಿನ ಬಂತು. ತರಗತಿಯಲ್ಲಿ ಒಂದು ಮಗುವೂ ಕಡಿಮೆಯಿರಲಿಲ್ಲ. ಲೈಬ್ರರಿಗೆ ಹೋಗಬೇಕಿದ್ದವರಲ್ಲಿ ರಮ್ಯಶ್ರೀ ಎಂಬ ಹುಡುಗಿಯೂ ಒಬ್ಬಳು. ಯಾವ ಪಾಠದಲ್ಲೂ ಬಾಯಿ ತೆರೆಯದ, ಹೆಸರು ಕರೆದರೆ ಜಡೆಯ ತುದಿ ಹಿಡಿದುಕೊಂಡು ನಿಂತುಬಿಡುವ ಹುಡುಗಿ. ಅವಳ ತಾಯಿ ವರಲಕ್ಷ್ಮಿ, ಮಾಗಡಿ ರಸ್ತೆಯ ಬದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವರು, ಕೆಲಸ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುರಳೀಕೃಷ್ಣ ಬಾಗಿಲ ಬಳಿ ನಿಂತಿದ್ದರು. ಪರದೆ ಆರಿತ್ತು. ಹಲಗೆಯ ಮೇಲೆ ಚಿಕ್ಕಗಂಗಮ್ಮನವರು ಬರೆದದ್ದು ಇಷ್ಟೇ: ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎಷ್ಟು?

ಬರೆದು, ಎಂದಿನಂತೆ ತರಗತಿಯ ಹಿಂದಕ್ಕೆ ನಡೆದು, ಪೋಷಕರ ಪಕ್ಕದಲ್ಲೇ ನಿಂತರು. ಮುಂದಿನ ಬೆಂಚುಗಳಲ್ಲಿ ಕೈಗಳು ಎದ್ದವು. ಅವನ್ನೆಲ್ಲ ದಾಟಿ ಅವರು ಕರೆದದ್ದು ರಮ್ಯಶ್ರೀಯನ್ನು.

ಹುಡುಗಿ ಎದ್ದು ನಿಂತಳು. ಜಡೆ ಕೈಗೆ ಬಂತು. ಹೊಸ ಪೋಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರದೋ ಮೊಬೈಲು ಗುಂಯ್ಗುಟ್ಟಿ ನಿಂತಿತು. ಕೊನೆಗೆ ಅವಳು ಹೇಳಿದಳು: “ಎಂಟನೇ ಒಂದು, ಮಿಸ್.” ಮುಂದಿನ ಸಾಲಿನಲ್ಲಿ ಕಿಸಕ್ಕನೆ ನಗೆ ಹಾದುಹೋಯಿತು.

“ಯಾಕೆ?” ಎಂದರು ಚಿಕ್ಕಗಂಗಮ್ಮ. ಮುಖ ಕಲ್ಲಿನಂತಿತ್ತು.

ರಮ್ಯಶ್ರೀ ಜಡೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ವರಲಕ್ಷ್ಮಿ ತಡೆಯಲಾರದೆ ಎದ್ದರು. “ಮಿಸ್, ಅವಳಿಗೆ ಬರಲ್ಲ. ಎಲ್ಲರ ಮುಂದೆ ಹಿಂಗೆ ನಿಲ್ಸಿದ್ರೆ ಹೆಂಗೆ?” ಎಂದರು. ಅಲ್ಲಿದ್ದ ನನಗೂ ಇದು ಕ್ರೌರ್ಯವೇ ಎನ್ನಿಸಿದ್ದು ಸುಳ್ಳಲ್ಲ. ಅಷ್ಟರಲ್ಲಿ ಮುರಳೀಕೃಷ್ಣ ಮುಗುಳ್ನಗುತ್ತ ಮುಂದೆ ಬಂದು, “ಇಟ್ಸ್ ಓಕೆ, ಸಿಟ್ ಡೌನ್ ಮಗು. ಉತ್ತರ ಎರಡು. ಹೇಗಂದ್ರೆ ಕಾಲನ್ನ ತಲೆಕೆಳಗು ಮಾಡಿ…” ಎಂದು ಆರಂಭಿಸಿದರು.

“ಸಾರ್, ನೀವು ಕೂತ್ಕೊಳಿ. ನಿಮ್ಮನ್ನ ಕೇಳಿಲ್ಲ.”

ಚಿಕ್ಕಗಂಗಮ್ಮನವರು ವರಲಕ್ಷ್ಮಿಯವರ ಕಡೆ ತಿರುಗಿ, ನಾನು ಎಂದೂ ಕೇಳಿರದ ಮೆದು ದನಿಯಲ್ಲಿ, “ಒಂದ್ ಚೂರು ತಾಳಮ್ಮ. ಅವಳ ಹತ್ರ ಏನೋ ಇದೆ,” ಎಂದರು. ಆಮೇಲೆ ಹಲಗೆಗೆ ಹೋಗಿ ‘ಎಂಟನೇ ಒಂದು’ ಎಂಬುದನ್ನು, ಬರೆದದ್ದು ಅಳಿಸಲಿಕ್ಕಲ್ಲ ಎಂಬಂತೆ ದೊಡ್ಡದಾಗಿ ಬರೆದು, ಡೈರೆಕ್ಟರು ಹೇಳಿದ ‘ಎರಡು’ ಎಂಬುದನ್ನೂ ಅದರ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಬರೆದರು. “ಈಗ ಹಲಗೆ ಮೇಲೆ ಎರಡು ಉತ್ತರ ಇದೆ. ಸಾರ್ ಹೇಳಿದಾರೆ ಅಂತ ಸರಿ ಅಲ್ಲ, ರಮ್ಯಶ್ರೀ ಹೇಳಿದಾಳೆ ಅಂತ ತಪ್ಪಲ್ಲ. ಯಾಕೆ ಅಂತ ಹೇಳ್ಬೇಕು.”

ಮಹದೇವ್ ಎಂಬ ಹುಡುಗ ಎದ್ದ. ಅವನ ಮನೆಯವರದು ಹಾಲಿನ ಬೂತು. “ಮಿಸ್, ಅರ್ಧ ಲೀಟರ್ ಹಾಲನ್ನ ಕಾಲು ಲೀಟರ್ ಪ್ಯಾಕೆಟ್ಗೆ ಹಾಕಿದ್ರೆ ಎರಡು ಪ್ಯಾಕೆಟ್ ಆಗತ್ತೆ. ಅದಕ್ಕೇ ಎರಡು.” ಮಿಸ್ಸು ತಲೆಯಾಡಿಸಲಿಲ್ಲ. ರಮ್ಯಶ್ರೀ ಇನ್ನೂ ನಿಂತೇ ಇದ್ದಳು. ಅವಳಿಗೆ ಕೂತ್ಕೋ ಎಂದು ಯಾರೂ ಹೇಳಿರಲಿಲ್ಲ. ಅವಳು ಹಲಗೆಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಜಡೆ ಕೈಯಿಂದ ಜಾರಿತು.

“ಮಿಸ್, ನಾನು ಅರ್ಧವನ್ನ ನಾಲ್ಕು ಭಾಗ ಮಾಡ್ಬಿಟ್ಟೆ. ಅರ್ಧ ರೊಟ್ಟೀನ ನಾಲ್ಕು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ಎಂಟನೇ ಒಂದು ಬರತ್ತೆ. ಆದ್ರೆ ಇಲ್ಲಿ ನಾಲ್ಕು ಅಂತ ಇಲ್ಲ, ಕಾಲು ಅಂತ ಇದೆ.” ಹಲಗೆಯ ಕಡೆ ಕೈ ತೋರಿಸಿ, “ನನ್ನ ಉತ್ತರ ಸರಿ ಮಿಸ್. ಪ್ರಶ್ನೆ ಬೇರೆ,” ಎಂದಳು.

ಈ ಬಾರಿ ನಕ್ಕವರು ಯಾರೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ತಂದೆ, ಬೆರಳಿನಿಂದ ಅಂಗೈಯ ಮೇಲೆ ಗೆರೆ ಎಳೆದು ಅರ್ಧವನ್ನು ನಾಲ್ಕು ಮಾಡಿ ನೋಡುತ್ತಿದ್ದುದನ್ನು ನಾನು ಕಂಡೆ. ಪಾಠವಾದ ಮೇಲೆ ವರಲಕ್ಷ್ಮಿ ಚಿಕ್ಕಗಂಗಮ್ಮನವರ ಮುಂದೆ ಬಂದು ನಿಂತರು. ಜಗಳಕ್ಕೇ ಬಂದರೇನೋ ಎಂದು ನಾನು ಹತ್ತಿರ ಸರಿದೆ. “ಎಲ್ಲಾ ಮಿಸ್ಸುಗಳೂ ಅವಳಿಗೆ ಬೇಗ ಕೂತ್ಕೋ ಅಂದ್ಬಿಡ್ತಾರೆ ಮಿಸ್. ನಾನೂ ಮನೇಲಿ ಹಂಗೇ ಅಂತೀನಿ,” ಎಂದವರೇ ಸೆರಗಿನಿಂದ ಕಣ್ಣೊತ್ತಿಕೊಂಡು ಹೊರಟುಹೋದರು.

ಇಲ್ಲಿಗೆ ಕಥೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹೊಸ ಪೋಷಕರಲ್ಲಿ ಹಲವರು ಇಡೀ ಪೀರಿಯಡ್ಡಿಗೆ ಒಂದೇ ಲೆಕ್ಕ ಮಾಡಿದ ಶಾಲೆ ತಮಗೆ ಬೇಡವೆಂದು ಬೇರೆ ಕಡೆ ಹೋದರು. ಎಲ್ಲರೆದುರು ‘ಕೂತ್ಕೊಳಿ’ ಎನ್ನಿಸಿಕೊಂಡ ಡೈರೆಕ್ಟರು ಅದನ್ನು ಮರೆಯಲಿಲ್ಲ. ಜೂನ್ ತಿಂಗಳಲ್ಲಿ ಆಜ್ಞೆ ಬಂತು: ಚಿಕ್ಕಗಂಗಮ್ಮನವರಿಗೆ ಇನ್ನು ಮೇಲಿನ ತರಗತಿಗಳ ಕಡೆ ಕೆಲಸವಿಲ್ಲ, ಕೆಳಗಿನ ಅಂತಸ್ತಿನ ನಾಲ್ಕನೇ ತರಗತಿ. ಇದು ಶಿಕ್ಷೆಯೆಂದು ಜವಾನನಿಗೂ ಗೊತ್ತಿತ್ತು. ನಾವೆಲ್ಲ ಸಾವಿನ ಮನೆಗೆ ಬಂದವರಂತೆ ಅವರ ಮೇಜಿನ ಸುತ್ತ ನಿಂತೆವು. ರಾಜೀನಾಮೆ ಬಿಸಾಕಿ ಎಂದರು ಕೆಲವರು. ಕ್ಷಮೆ ಕೇಳಿಬಿಡಿ ಎಂದರು ಕೆಲವರು.

“ಯಾಕೆ?” ಎಂದರು ಅವರು, ತಮ್ಮ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತ. “ಏಳನೇ ಕ್ಲಾಸಿಗೆ ಬರೋಷ್ಟರಲ್ಲಿ ಮಕ್ಕಳಿಗೆ ಹೆದರೋದನ್ನ ಪೂರ್ತಿ ಕಲ್ಸಿ ಕಳಿಸಿರ್ತೀರ. ನಾಲ್ಕನೇ ಕ್ಲಾಸಲ್ಲಿ ಇನ್ನೂ ಅರ್ಧಂಬರ್ಧ ಕಲ್ತಿರ್ತಾರೆ. ನಂಗೆ ಕೆಲಸ ಕಮ್ಮಿ.”

ಅಲ್ಲಿಗೂ ಆಜ್ಞೆ ಹಿಂಬಾಲಿಸಿತು: ಪರದೆಯನ್ನು ದಿನವೂ ಬಳಸಲೇಬೇಕು. ಬಳಸಿದರು. ಪರದೆಯ ಮೇಲೆ ಟೊಪ್ಪಿಗೆ ಹಾಕಿದ ಒಂದು ಇಲಿ ಕುಣಿಯುತ್ತ ಬಂದು, ಹತ್ತರಿಂದ ಗುಣಿಸಬೇಕಾದರೆ ಕೊನೆಗೊಂದು ಸೊನ್ನೆ ಸೇರಿಸಿ ಎಂದು ಹಾಡಿತು. ಚಿಕ್ಕಗಂಗಮ್ಮನವರು ತಟ್ಟನೆ ಅದನ್ನು ನಿಲ್ಲಿಸಿ, “ಸೊನ್ನೆ ಯಾಕೆ ಸೇರಿಸ್ಬೇಕಂತೆ ಇದಕ್ಕೆ?” ಎಂದು ಕೇಳಿದರು. ಪುಟ್ಟ ಮಕ್ಕಳು ವಾದಕ್ಕಿಳಿದರು. ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟುಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ತಪಾಸಣೆಗೆಂದು ಬಂದ ಮುರಳೀಕೃಷ್ಣ ಬಾಗಿಲಲ್ಲಿ ನಿಂತು ನೋಡಿದರೆ ಪರದೆ ಉರಿಯುತ್ತಿದೆ, ಇಲಿ ತೆರೆದ ಬಾಯಿ ತೆರೆದಂತೆಯೇ ನಿಂತಿದೆ, ಅದರ ಕಡೆ ಯಾರ ಗಮನವೂ ಇಲ್ಲ. ಆಜ್ಞೆಯ ಉಲ್ಲಂಘನೆ ಎಲ್ಲಿಯೂ ಆಗಿರಲಿಲ್ಲ. ಏನನ್ನೋ ಹೇಳಲು ಹೊರಟವರು, ಕಾರಿಡಾರಿನಲ್ಲಿ ಹೋಗುತ್ತಿದ್ದ ನನ್ನನ್ನು ಕಂಡು ಮೆಟ್ಟಿಲ ಕಡೆ ತಿರುಗಿದರು. ಆ ಪಾಠ ಮುಗಿಯಲು ಒಂದು ವಾರ ಹಿಡಿಯಿತು.

ಇಂಥ ಮೇಷ್ಟರುಗಳಿಗೆ ಶಿಕ್ಷಕರ ದಿನಾಚರಣೆಯಂದು ದೊಡ್ಡ ಹಾರ ಬೀಳುವುದಿಲ್ಲ. ಮಕ್ಕಳು ಅವರನ್ನು ಪ್ರೀತಿಸುತ್ತಾರೆಂದು ಕೂಡ ನಾನು ಧೈರ್ಯವಾಗಿ ಹೇಳಲಾರೆ. ಪ್ರೀತಿ ಬಹುಶಃ ಬಹಳ ತಡವಾಗಿ, ಬೇರೆ ಯಾವುದೋ ಊರಿನಲ್ಲಿ, ಯಾರೋ ಬಲವಂತರು ಒಂದು ಮಾತನ್ನು ಒಪ್ಪಿಕೋ ಎಂದು ಒತ್ತಾಯಿಸುವಾಗ ಹುಟ್ಟುತ್ತದೆ. ಸಂಸ್ಥೆಗಳಿಗೆ ಅವರು ಎಂದಿಗೂ ಜೀರ್ಣವಾಗುವವರಲ್ಲ. ಏಕೆಂದರೆ ಬೋಧನೆಯ ಬಗ್ಗೆ ನಾವು ಎಷ್ಟೇ ಸಭೆ ನಡೆಸಲಿ, ಎಷ್ಟೇ ಯಂತ್ರ ತರಲಿ, ಕಲಿಸುವವನ ಒಳಗೆ ಮಗುವಿನ ಬುದ್ಧಿಯ ಮೇಲೆ ಗೌರವವಿರಬೇಕೆಂಬ ಕಷ್ಟದ ಷರತ್ತನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ಬಹುಪಾಲು ಅವನ್ನು ಮಾಡುತ್ತೇವೆ. ಆ ಗೌರವವುಳ್ಳವರು ವಿನಯವಂತರಾಗಿರಲು ಸಾಧ್ಯವೇ ಇಲ್ಲ. ಮಗುವಿನ ಪರವಾಗಿ ನಿಂತವರು ಯಾರ ಮುಂದಾದರೂ ಒಂದು ದಿನ ಉದ್ಧಟರಾಗಲೇಬೇಕಾಗುತ್ತದೆ. ಅವರನ್ನು ಮೇಲಿನ ಅಂತಸ್ತಿನಿಂದ ಕೆಳಗಿಳಿಸಬಹುದು, ಅಲ್ಲಿಂದ ಬೀದಿಗೂ ಇಳಿಸಬಹುದು. ಬೀದಿಯಲ್ಲಿ ನಾಲ್ಕು ಮಕ್ಕಳು ಸಿಕ್ಕಿದರೆ ಅದೂ ಅವರಿಗೆ ಶಾಲೆಯೇ.