ಎರಡಕ್ಕೂ ಒಂದೇ ನಂಬರು

ಗುಫ್ರಾನ್ ಬಿದಿರಿನ ಗಳಕ್ಕೆ ಎರಡನೆಯ ಏರಿಯಲ್ ಕಟ್ಟುತ್ತಿದ್ದಾಗ ರೇವಣ ಅವನ ಬೆನ್ನ ಹಿಂದೆಯೇ ಕೊಡಲಿ ಹಿಡಿದು ನಿಂತಿದ್ದ. ಎಡಗೈಯಲ್ಲಿ ಹಿಡಿದಿದ್ದ. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು.

"ಪೆಟ್ಟಿಗಿ ಯಾರ ಮನಿ ಕಡಿ ತೋರಸ್ತದೋ ನೋಡ್ತೀನಿ," ಎಂದ. "ತೋರಿಸಿದ ಮ್ಯಾಲ ಅವನಿಗಿ ಬಿಡಂಗಿಲ್ಲ."

"ರೇವಣಣ್ಣಾ, ಅದನ್ನ ಅತ್ಲಾಗ ಇಡ್ರಿ. ನನ್ನ ಕೈ ನಡಗ್ಲಾಕತ್ತಾವ."

"ನಡಗ್ಲಾಕ ನಿನಗ ಕೈಯರ ಅವ."

ಗುಫ್ರಾನ್ ಗಳದತ್ತ ತಿರುಗಿದ. ತಂತಿ ಬಿಗಿದ.

ಕಮಲಾಪುರದಲ್ಲಿ ಈ ಸಂಗತಿ ಗೊತ್ತಿಲ್ಲದವರಿರಲಿಲ್ಲ. ರೇವಣ ತನ್ನ ಕೆಂಪು ಬಾಳೆ ತೋಟದ ಬಾವಿಗಿಳಿದು ಮೋಟರಿನ ಕಪ್ಲಿಂಗ್ ರಬ್ಬರ್ ಬದಲಿಸುತ್ತಿದ್ದ. ಮೋಟರಿಗೆ ರಿಮೋಟು ಬಂದ ಮೇಲೆ ಫ್ಯೂಜು ಕೀಳುವ ಉಸಾಬರಿ ಯಾರಿಗೆ ಬೇಕು? ಕೆಂಪು ಗುಂಡಿ ಒತ್ತಿ, ರಿಮೋಟನ್ನು ಕೊರಳಿಗೆ ಹಾಕಿಕೊಂಡು ಇಳಿದರಾಯಿತು. ಹಾಗೇ ಇಳಿದಿದ್ದ. ಅವನು ಒತ್ತದೆಯೇ ಮೋಟರು ತಿರುಗಿತು, ನಾಲ್ಕು ಬೆರಳು ತಿಂದುಕೊಂಡಿತು. ಆಗ ಹತ್ತಿರದಲ್ಲಿದ್ದವನು ಪಕ್ಕದ ಹೊಲದ ಚಂದ್ರಶಾ ಒಬ್ಬನೇ. ರೇವಣನ ಸ್ವಂತ ಕಾಕಾ, ಬದುವಿನ ಜಗಳದಲ್ಲಿ ಮಾತು ಬಿಟ್ಟವನು. ಅವನ ಮೋಟರಿಗೂ ರೇವಣ ಕೊಂಡಿದ್ದ ಅಂಗಡಿಯದೇ ರಿಮೋಟು.

ಚಂದ್ರಶಾ ಪಂಚರ ಮುಂದೆ ತನ್ನ ರಿಮೋಟು ಒತ್ತಿ ತೋರಿಸಿದ. ರೇವಣನ ಮೋಟರು ಅಲುಗಲಿಲ್ಲ. ಆದರೆ ರೇವಣನ ಸ್ಟಾರ್ಟರಿನ ಜೊತೆ ಬಂದಿದ್ದ ಎರಡನೆಯ ರಿಮೋಟು ಯಾವಾಗಲೋ ಕಳೆದುಹೋಗಿತ್ತು. ಅದನ್ನು ಕದ್ದವನು ಕಾಕಾನೇ ಎಂದು ರೇವಣ ಹಟ ಹಿಡಿದ. ಅಷ್ಟರಲ್ಲಿ ಮೋಟರು ಮತ್ತೆರಡು ಸಲ ತಾನಾಗಿಯೇ ನಡೆದಿತ್ತು.

ಗುಫ್ರಾನನನ್ನು ಹುಡುಕಿಕೊಂಡು ಕಲಬುರಗಿಯ ಶಹಾಬಜಾರಕ್ಕೆ ಬಂದವನು ಚಂದ್ರಶಾನೇ. ಗೇಟಿನ ರಿಮೋಟು, ಟಿವಿ ರಿಮೋಟು ರಿಪೇರಿ ಮಾಡುವ ಆ ಇಕ್ಕಟ್ಟಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ಗುಫ್ರಾನ್ ಭಾಯಿ, ನಾ ಎತ್ತಿ ಆಡಿಸಿದ ಹುಡುಗ ಅಂವ. ಮಂದಿ ನನಗ ಕಟುಕ ಅನ್ಲಾಕತ್ತಾರ. ಇದೊಂದು ತೊಳದು ಕೊಡ್ರಿ," ಎಂದ. ಗುಫ್ರಾನ್ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. ಸಿಗ್ನಲ್ಲು ಯಾವ ಕಡೆಯಿಂದ ಬರುತ್ತದೆಂದು ಕಂಡುಹಿಡಿಯುವುದು ತನಗೆ ಯಾವ ಲೆಕ್ಕ ಎಂದು ಒಪ್ಪಿಕೊಂಡ.

ಅವನ ಹತ್ತಿರ ಎರಡು ರೇಡಿಯೊ ರಿಸೀವರುಗಳಿದ್ದವು. ನೋಡಲಿಕ್ಕೆ ಪೆನ್‌ಡ್ರೈವಿನಂಥವು. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಗಾಳಿಯಲ್ಲಿ ಓಡಾಡುವ ಸಿಗ್ನಲ್ಲು ತೆರೆಯ ಮೇಲೆ ಗೆರೆಯಾಗಿ ಏಳುತ್ತದೆ. ಒಂದರ ಏರಿಯಲ್ಲನ್ನು ಮೂಡಲಿಗೆ ಚಂದ್ರಶಾನ ಮನೆಯತ್ತ, ಇನ್ನೊಂದರದನ್ನು ಪಡುವಲಿಗೆ ರೇವಣನ ಮನೆಯತ್ತ ತಿರುಗಿಸಿದರೆ, ಗೆರೆ ಎಲ್ಲಿ ಎತ್ತರಕ್ಕೆ ಏಳುತ್ತದೋ ಆ ಕಡೆ ರಿಮೋಟು ಇದೆ ಎಂದರ್ಥ. ಗುರುತಿಗೆಂದು ಮೂಡಲಿನ ರಿಸೀವರಿಗೆ ಹೆಂಡತಿ ಅಫ್ರೀನಳ ಉಗುರುಬಣ್ಣ ಬಳಿದಿದ್ದ.

ಬೆಳಿಗ್ಗೆ ಚೀಲ ತುಂಬುವಾಗ ಅಫ್ರೀನ್, ನಂಬರು ಬದಲಿಸಿಕೊಂಡು ಹೋಗಿ ಎಂದು ನಕ್ಕಿದ್ದಳು. "ದೋನೋಂಕಾ ನಂಬರ್ ಏಕಿಚ್ ಹೈ ಜಿ. ಬದಲ್ ಲೇಕೆ ಜಾವ್." ಕಾರ್ಖಾನೆಯಿಂದ ಬರುವಾಗಲೇ ಎರಡರ ಹೊಟ್ಟೆಯಲ್ಲೂ ಒಂದೇ ನಂಬರು ಬರೆದಿರುತ್ತದೆ. ಒಂದೊಂದನ್ನೇ ಸಿಕ್ಕಿಸಿ ಬೇರೆ ನಂಬರು ಕೊಡದಿದ್ದರೆ ಕಂಪ್ಯೂಟರಿಗೆ ಇದು ಯಾವುದು, ಅದು ಯಾವುದು ತಿಳಿಯುವುದಿಲ್ಲ. ಉಗುರುಬಣ್ಣ ನೋಡಲು ಅದಕ್ಕೆ ಕಣ್ಣಿದೆಯೇ ಎಂದು ಕೇಳಿದ್ದಳು. ಬಸ್ಸಿಗೆ ಹೊತ್ತಾಗಿತ್ತು. ಬಂದು ಮಾಡುತ್ತೇನೆಂದು ಗುಫ್ರಾನ್ ಹೊರಟುಬಿಟ್ಟಿದ್ದ.

ಈಗ ಬಾವಿಯ ಪಕ್ಕದ ಪಂಪಿನ ಕೋಣೆಯಲ್ಲಿ ಲ್ಯಾಪ್‌ಟಾಪು ತೆರೆದು, ಎರಡೂ ರಿಸೀವರುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಹಬ್‌ಗೆ ಕರೆಂಟು ಕೊಟ್ಟ. ತೆರೆಯಲ್ಲಿ ಎರಡು ಕಿಟಕಿ ಮೂಡಿದವು. ರೇವಣನೂ ಓದಲೆಂದು ಒಂದಕ್ಕೆ 'ಕಾಕಾನ ಮನಿ', ಇನ್ನೊಂದಕ್ಕೆ 'ರೇವಣನ ಮನಿ' ಎಂದು ಹೆಸರು ಕೊಟ್ಟ. ರೇವಣನ ರಿಮೋಟನ್ನು ಇಸಿದುಕೊಂಡು ಎರಡೂ ಕಡೆ ನಡೆದು ಒತ್ತಿ ನೋಡಿದ. ಸರಿಯಾಗಿತ್ತು. ಇನ್ನು ಕಾಯುವುದಷ್ಟೇ.

ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಹಬ್‌ಗೆ ಇರಲಿಲ್ಲ. ರಿಸೀವರುಗಳು ಆರಿದವು. ಕರೆಂಟು ಮರಳಿದಾಗ ಮತ್ತೆ ಹೊತ್ತಿದವು. ಕಿಟಕಿಗಳು ಮೊದಲಿನಂತೆಯೇ ಬಂದು ಕೂತವು. ಒಂದು ಕೇಬಲು ಕಿತ್ತು ನೋಡಿದ್ದರೆ ಯಾವುದು ಯಾವುದೆಂದು ತಿಳಿದುಬಿಡುತ್ತಿತ್ತು. ಗುಫ್ರಾನ್ ಕೈ ಚಾಚಿದ.

"ಕೈ ಹಿಂದಕ್ಕ ತಗೀ," ಎಂದ ರೇವಣ. ಕೊಡಲಿಯ ಅಲಗು ಮೇಜಿನ ಮೇಲೆ ಬಂದು ಕೂತಿತು. "ನಿನಗ ಕರೆಸಿದಂವ ಕಾಕಾ. ಅಂವ ಹೇಳಿದಂಗ ಹಚ್ಲಾಕತ್ತೀಯೇನು? ಒಂದ್ಸಲ ಹಚ್ಚಿದ್ದು ಮುಟ್ಟಬ್ಯಾಡ."

ಗುಫ್ರಾನ್ ಕೈ ಹಿಂದೆ ತೆಗೆದ. ಹೆದರಿದ್ದ. ಬೆರಳಿಲ್ಲದವನ ಎದುರು ಬೆರಳು ಚಾಚುವ ಧೈರ್ಯ ಅವನಲ್ಲಿರಲಿಲ್ಲ.

ಬಿಸಿಲು ಬಾಳೆಯೆಲೆಯ ಮೇಲಿಂದ ಸರಿಯುವ ಹೊತ್ತಿಗೆ ಬಾವಿಯೊಳಗೆ ಮೋಟರು ಗುರ್ ಎಂದಿತು. ರೇವಣನ ರಿಮೋಟು ಅವನ ಕೊರಳಲ್ಲೇ ನೇತಾಡುತ್ತಿತ್ತು. ತೆರೆಯಲ್ಲಿ ಗೆರೆ ಎದ್ದಿತು. 'ಕಾಕಾನ ಮನಿ' ಕಿಟಕಿಯಲ್ಲಿ ಮೇಲಿನ ಅಂಚಿಗೇ ಮುಟ್ಟಿತು.

"ಓದು," ಎಂದ ರೇವಣ. ಅವನ ಧ್ವನಿ ಸಣ್ಣದಾಗಿತ್ತು. "ನಿನ್ನ ಬಾಯಿಲಿ ಹೇಳು."

"ಪೆಟ್ಟಿಗಿ ಹಂಗ ತೋರಸ್ಲಾಕತ್ತದ... ಆದ್ರ ತಡೀರಿ ಅಣ್ಣಾ, ಒಂದ್ ಸಲ..."

ಹಂಗ ಎನ್ನುವುದೇ ಸಾಕಾಗಿತ್ತು. ರೇವಣ ಬಾಗಿಲು ಹಾರಿ ಬದು ದಾಟಿದ. ಗುಫ್ರಾನ್ ಹಿಂದೆಯೇ ಓಡಿದ. ಚಂದ್ರಶಾ ಗೊನೆ ಹೊತ್ತು ಬಾಗಿದ ಬಾಳೆಗೆ ಕೋಲು ಆನಿಸುತ್ತಿದ್ದ, ಎರಡೂ ಕೈ ಮೇಲೆತ್ತಿ. ಓಡಿ ಬರುವವನನ್ನು ಕಂಡು, ಎಲ್ಲ ಬಗೆಹರಿಯಿತೆಂದುಕೊಂಡನೋ ಏನೋ, ಮುಖ ಅರಳಿತು. "ಆಯ್ತೇನೋ ರೇವಣಾ?" ಎಂದ.

ಮೊದಲನೆಯ ಏಟು ಭುಜಕ್ಕೆ ಬಿತ್ತು. ಎಡಗೈಯ ಏಟು, ಗುರಿಯಿಲ್ಲದ್ದು. ಎಲುಬು ಮುರಿದ ಸದ್ದು ಗುಫ್ರಾನನಿಗೆ ಕೇಳಿಸಿತು. ಚಂದ್ರಶಾ ಬೀಳಲಿಲ್ಲ, ಬಾಳೆಯ ದಿಂಡನ್ನು ತಬ್ಬಿಕೊಂಡ. ಗುಫ್ರಾನ್ ರೇವಣನ ಸೊಂಟ ಹಿಡಿದೆಳೆದ. ಕೊಡಲಿಯ ಹಿಡಿ ಹಿಂದಕ್ಕೆ ಬಂದು ಬಾಯಿಗೆ ಬಡಿಯಿತು. ಹಲ್ಲು ನಾಲಿಗೆಯ ಮೇಲೆ ಉದುರಿದವು. ಎರಡನೆಯ ಏಟು ಚಂದ್ರಶಾನ ಕೊರಳಿಗೆ ಬಿತ್ತು. ಬಾಳೆಯೂ ಅವನೂ ಕೂಡಿಯೇ ಉರುಳಿದರು. ಮುಗಿದ ಮೇಲೂ ರೇವಣ ಹೊಡೆಯುತ್ತಿದ್ದ, ಗೊನೆಗೂ ಮಣ್ಣಿಗೂ. ಚಂದ್ರಶಾನ ಹೆಂಡತಿ ರಾಜೇಶ್ರೀ ಅಂಗಳದಿಂದ ಓಡಿ ಬಂದು ಗಂಡನ ಮೇಲೆ ಬೋರಲು ಬಿದ್ದಾಗಲೇ ಕೊಡಲಿ ನಿಂತದ್ದು.

ರೇವಣ ಬದುವಿನ ಮೇಲೆ ಕುಸಿದು ಕೂತ. ಬಲಗೈಯ ಮೊಂಡನ್ನು ಎದೆಗೆ ಒತ್ತಿಕೊಂಡು ಎಳೆಯ ಕೂಸಿನ ಹಾಗೆ ಅತ್ತ. ಅತ್ತು ಮುಗಿಸಿ, ರಕ್ತ ಉಗುಳುತ್ತಿದ್ದ ಗುಫ್ರಾನನನ್ನು ನೋಡಿದ.

"ಹೋಗಿ ಪೆಟ್ಟಿಗಿ ತಾ. ಪೊಲೀಸರು ಬರ್ತಾರ. ತಪ್ಪು ಯಾರದು ಅಂತ ಅದರಾಗ ಬರದದ. ನೀನೇ ಸಾಕ್ಷಿ."

ಗುಫ್ರಾನ್ ತಡವರಿಸುತ್ತ ಕೋಣೆಗೆ ಬಂದ. ಬಾವಿಯಲ್ಲಿ ಮೋಟರು ನಿಂತಿತ್ತು. ಉಗುರುಬಣ್ಣದ ರಿಸೀವರಿನ ಕೇಬಲ್ಲನ್ನು ಮೊದಲು ಕಿತ್ತ. ಮೂಡಲಿನದು, ಚಂದ್ರಶಾನ ಕಡೆಯದು. ತೆರೆ ನೋಡಿದ. 'ಕಾಕಾನ ಮನಿ' ಕಿಟಕಿ ಎಂದಿನಂತೆ ಮಿಸುಗುತ್ತಲೇ ಇತ್ತು. ಮಲಗಿದ್ದು 'ರೇವಣನ ಮನಿ'.

ಮತ್ತೆ ಸಿಕ್ಕಿಸಿದ. ಮತ್ತೆ ಕಿತ್ತ. ಅದೇ. ಕರೆಂಟು ಹೋಗಿ ಬಂದಾಗ ಎರಡೂ ಜಾಗ ಬದಲಿಸಿಕೊಂಡಿದ್ದವು. ಬಾಯಲ್ಲಿ ತುಂಬಿದ ರಕ್ತವನ್ನು ಉಗುಳುವುದೂ ಮರೆತು ನುಂಗಿದ.

ಆಗ ಮೋಟರು ಮತ್ತೆ ಗುರ್ ಎಂದಿತು.

ಪಡುವಲಿಗೆ ಓಡಿದ. ಬಾಳೆ ಸಾಲು ಮುಗಿದಲ್ಲಿ ರೇವಣನ ಅಂಗಳ. ಅಲ್ಲಿ ದನಗಳು ನೀರು ಕುಡಿಯುವ ಕಲ್ಲಿನ ದೋಣಿಯ ಪಕ್ಕ ರೇವಣನ ತಾಯಿ ಭೀಮಬಾಯಿ ನಿಂತಿದ್ದಳು. ಕಿವಿ ಕೇಳದ ಮುದುಕಿ. ಆಚೆ ಹೊಲದಲ್ಲಿ ರಾಜೇಶ್ರೀ ಎದೆಯೊಡೆದು ಕೂಗುತ್ತಿದ್ದರೂ ಆಕೆಯ ಕಣ್ಣು ಪೈಪಿನ ಬಾಯಿಯ ಮೇಲೇ ಇತ್ತು. ಕೈಯಲ್ಲಿ ರಿಮೋಟು.

ಗುಫ್ರಾನನ ಒಡೆದ ಬಾಯಿ ಕಂಡು ಬೆಚ್ಚಿದಳು. "ಅಯ್ಯ ತಮ್ಮಾ, ಎಲ್ಲಿ ಬಿದ್ದೀ? ಬಾ, ಬಾಯಿ ತೊಳಕೋ. ನೀರು ಬರ್ಲಾಕತ್ತಾವ."

"ಆಯಿ, ಅದು... ಅದು ನಿಮ್ಮ ಕಡಿ..." ಅವನ ತುಟಿ ಮಾತು ಕೇಳಲಿಲ್ಲ.

ಅವನ ನೋಟ ಹೋದ ಕಡೆ ಆಕೆ ತನ್ನ ಕೈ ನೋಡಿಕೊಂಡು ನಾಚಿದಳು. "ಜ್ವಾಳದ ಚೀಲದಾಗ ಸಿಕ್ಕಿತ್ತಪ್ಪ, ಅವನ ಬೆರಳು ಹೋಗೂಕಿಂತ ಮೊದಲೇ. ರೇವಣಗ ಹೇಳಬ್ಯಾಡ, ಮುಟ್ಟಿದ್ದಿ ಅಂತ ಬೈತಾನ. ಕೈ ಇಲ್ಲದಂವ, ನೀರಿಗಂತ ಅವನಿಗಿ ಎಷ್ಟು ಸಲ ಕರೀಲಿ? ಒಂದು ಎಮ್ಮಿ ಆವಾಗ ಕುಡೀತು, ಇದು ಈಗ ಬಂತು."

ರಿಮೋಟನ್ನು ಎಲೆ ಅಡಿಕೆಯ ಚೀಲದೊಳಗೆ ಹಾಕಿ, ದಾರ ಎಳೆದು, ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೋಣಿ ತುಂಬಿ ನೀರು ಅಂಗಳಕ್ಕೆ ಹರಿಯುತ್ತಿತ್ತು. ಎಮ್ಮೆ ಮೂತಿ ಎತ್ತದೆ ಕುಡಿಯುತ್ತಿತ್ತು.