ಇಟ್ಟಿಗೆಯ ಹಿಂದಿನ ಒಲೆ

ಹೊರಗೆ ನಿಂತು ನೋಡಿದರೆ ಹೊಗೆಗೂಡಿನ ಬುಡ ಒಂದು ಗಾಡಿ ನಿಲ್ಲುವಷ್ಟು ಅಗಲ. ಒಳಗೆ ಬಂದರೆ ಒಲೆ ಮಾತ್ರ ಗೋಡೆಬೀರುವಿನಷ್ಟು. ಮಿಕ್ಕ ಜಾಗ ಎಲ್ಲಿ ಹೋಯಿತು? ಲೀಡ್ಸ್ ಪೇಟೆಯಿಂದ ಸ್ವೇಲ್ ಕಣಿವೆಯ ಈ ಕಲ್ಲಿನ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹಿಲ್ಡಾಳ ತಲೆ ಕೊರೆಯುತ್ತಿದ್ದದ್ದು ಇದೇ. ಬಗ್ಗಿ ಬಗ್ಗಿ ಬೇಯಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಕೊನೆಗೂ ಒಂದು ಭಾನುವಾರ ಗಂಡ ವಿಲ್ಫ್ ಒಲೆಯ ಸುತ್ತಲಿನ ಇಟ್ಟಿಗೆ ಗೋಡೆ ಒಡೆಯಲು ಒಪ್ಪಿದ, ಒಂದು ಷರತ್ತಿನ ಮೇಲೆ. ಹಿಂದೆ ಏನೂ ಸಿಗದಿದ್ದರೆ ಮರುದಿನ ಗಾರೆಯವನು ಬಂದು ಸಿಮೆಂಟ್ ಮೆತ್ತುತ್ತಾನೆ, ಆಮೇಲೆ ಅವಳು ಜನ್ಮದಲ್ಲಿ ಈ ಮಾತೆತ್ತಬಾರದು.

ಹಿಲ್ಡಾ ನಾಲ್ಕಾರು ಇಟ್ಟಿಗೆ ಕಳಚಿದ್ದೇ ತಡ, ಒಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಕೈ ತೂರಿಸಿದಳು, ಭುಜದವರೆಗೂ ಹೋಯಿತು.

"ವಿಲ್ಫ್, ಟಾರ್ಚ್ ತಾ. ಬ್ರೆಡ್ ಸುಡೋ ಗೂಡು ಇದೆ ಇಲ್ಲಿ. ಕೂರೋಕೆ ಕಲ್ಲಿನ ಕಟ್ಟೆನೂ ಇದೆ."

"ಇಲಿ ಸಂಸಾರನೂ ಇರಬಹುದು, ಕೇಳಿ ನೋಡು," ಎಂದ ವಿಲ್ಫ್. ಆದರೆ ಟೀ ಬಿಟ್ಟು ಎದ್ದು ಬಂದಿದ್ದ.

ಟಾರ್ಚ್ ಬೆಳಕು ಮೇಲಕ್ಕೆ ಹೋಯಿತು. ಹಳೆಯ ಒಲೆಯ ಬಾಯಿಯ ಮೇಲೆ ಹಾಸಿದ್ದ ಉದ್ದನೆಯ ಅಡ್ಡಗಲ್ಲು ನಡುವೆ ಸೀಳಿತ್ತು.

"ಅದಕ್ಕೇ ನಮ್ಮಜ್ಜ ಇಟ್ಟಿಗೆ ಕಟ್ಟಿಸಿದ್ದು," ಎಂದ ವಿಲ್ಫ್. "ಇಡೀ ಹೊಗೆಗೂಡು ಇದರ ಮೇಲೆ ಕೂತಿದೆ. ಮುಚ್ಚಿಬಿಡೋಣ ಕಣೆ."

ಹಿಲ್ಡಾಗೆ ಅಳುವೇ ಬಂತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ! ತಟ್ಟನೆ ಏನೋ ಹೊಳೆಯಿತು.

"ಕೊಟ್ಟಿಗೆ ಬಾಗಿಲ ಮೇಲಿನ ಕಲ್ಲೂ ಸೀಳಿದೆ. ಅದ್ಯಾಕೆ ಬಿದ್ದಿಲ್ಲ?"

"ಅದರ ಮೇಲೆ ಕಮಾನಿದೆ. ಭಾರ ಎಲ್ಲಾ ಕಮಾನೇ ಹೊರುತ್ತೆ..." ವಿಲ್ಫ್ ಅರ್ಧಕ್ಕೇ ನಿಲ್ಲಿಸಿದ.

"ಎರಡನ್ನೂ ಕಟ್ಟಿದ ಕೈ ಒಂದೇ ತಾನೆ?"

ಅವಳು ಆಗಲೇ ಸ್ಟೂಲು ಹತ್ತಿ ಅಡ್ಡಗಲ್ಲಿನ ಮೇಲಿನ ಗಾರೆಗೆ ಸುತ್ತಿಗೆ ಬೀಸಿದ್ದಳು. ಹಳೆಯ ಸುಣ್ಣ ಹಪ್ಪಳದ ಹಾಗೆ ಉದುರಿತು. ಒಳಗೆ ಒಂದು ಕಲ್ಲು ನೆಟ್ಟಗೆ ನಿಂತಿತ್ತು. ಅದರ ಪಕ್ಕ ತುಸು ವಾಲಿದ ಇನ್ನೊಂದು, ಮತ್ತೊಂದು. ಈ ಗೋಡೆಯಿಂದ ಆ ಗೋಡೆಯವರೆಗೆ ಬಾಗಿದ ಕಮಾನು, ಕಲ್ಲುಗಳ ನಡುವೆ ಚಾಕು ತೂರದಷ್ಟು ಬಿಗಿ. ಅಜ್ಜ ಸುಮ್ಮನೆ ಹೆದರಿ, ಈ ಮನೆಗೆ ಬಂದ ಹೆಂಗಸರೆಲ್ಲರ ಸೊಂಟ ಮುರಿಸಿದ್ದ.

ಉಳಿದ ಇಟ್ಟಿಗೆಗಳನ್ನು ವಿಲ್ಫ್ ತಾನೇ ಕಿತ್ತ. ಹಿಲ್ಡಾ ಒಲೆಯೊಳಗೆ ಹೆಜ್ಜೆಯಿಟ್ಟು ನೆಟ್ಟಗೆ ನಿಂತಳು. ತಲೆ ಎಲ್ಲಿಯೂ ತಾಗಲಿಲ್ಲ. ಖುಷಿಗೆ ನಗು ತಡೆಯಲಾಗಲಿಲ್ಲ.

"ಗಾರೆಯವನಿಗೆ ಬರಬೇಡ ಅಂತ ಹೇಳ್ತೀನಿ," ಎಂದ ವಿಲ್ಫ್ ಮೆಲ್ಲಗೆ.

"ಬರಲಿ ಬಿಡು, ಅಡ್ಡಗಲ್ಲಿನ ಸೀಳಿಗೆ ಸುಣ್ಣ ತುಂಬಲಿ. ಸಿಮೆಂಟ್ ಏನಾದ್ರೂ ಮುಟ್ಟಿಸಿದ್ರೋ, ನಿಮ್ಮಿಬ್ಬರನ್ನೂ ಒಳಗಿಟ್ಟು ಇಟ್ಟಿಗೆ ನಾನೇ ಕಟ್ತೀನಿ."